ಓಲ್ಡ್ ಟ್ರ್ಯಾಫರ್ಡ್‌ನ ಸಿಟ್ಟಿಗೆ ಇಪ್ಪತ್ತು ವರ್ಷ

2024ರ ಮೇ ತಿಂಗಳು. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್ ತನ್ನದೇ ಅಂಗಳದಲ್ಲಿ ಆರ್ಸೆನಲ್ ಎದುರು 1-0 ಗೋಲಿನಿಂದ ಸೋತಿತ್ತು. ಅಷ್ಟರಲ್ಲಿ ಜೋರು ಮಳೆ ಹಿಡಿಯಿತು. ಓಲ್ಡ್ ಟ್ರ್ಯಾಫರ್ಡ್‌ನ ಚಾವಣಿಯ ಒಂದು ಮೂಲೆಯಿಂದ ನೀರು ಧೋ ಎಂದು ಕೆಳಗಿನ ಕುರ್ಚಿಗಳ ಮೇಲೆ ಸುರಿಯಿತು. ಜನ ಮೊಬೈಲ್ ಎತ್ತಿ ವಿಡಿಯೊ ಮಾಡಿದರು. ಜಗತ್ತಿನ ಅತಿ ಶ್ರೀಮಂತ ಕ್ಲಬ್ಬುಗಳಲ್ಲಿ ಒಂದರ ಮನೆ ಸೋರುತ್ತಿತ್ತು. ಅಭಿಮಾನಿಗಳ ಸಿಟ್ಟು ಬರೀ ಸೋಲಿನದ್ದು ಅಂದುಕೊಂಡವರು ಆ ವಿಡಿಯೊ ನೋಡಬೇಕು.

ಈ ಸಿಟ್ಟಿನ ಬೇರು 2005ರಲ್ಲಿದೆ. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಉದ್ಯಮಿ ಮಾಲ್ಕಮ್ ಗ್ಲೇಜರ್ ಯುನೈಟೆಡ್ ಅನ್ನು ತನ್ನದಾಗಿಸಿಕೊಂಡರು. ಕ್ಲಬ್ಬಿಗೆ ಕಟ್ಟಿದ ಬೆಲೆ ಸುಮಾರು 79 ಕೋಟಿ ಪೌಂಡ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲದ ದುಡ್ಡು. ಆ ಸಾಲದ ದೊಡ್ಡ ಪಾಲು ಬಂದು ಕೂತದ್ದು ಕ್ಲಬ್ಬಿನ ತಲೆಯ ಮೇಲೆಯೇ. ಒಬ್ಬರು ಮನೆ ಕೊಳ್ಳಲು ಸಾಲ ತೆಗೆದು, ಆ ಮನೆಯಲ್ಲಿ ಮೊದಲಿನಿಂದ ಇದ್ದವರಿಗೆ ಕಂತು ಕಟ್ಟಿ ಅಂದ ಹಾಗೆ. ಅಲ್ಲಿಯವರೆಗೆ ಸಾಲವೇ ಇಲ್ಲದ ಕ್ಲಬ್ಬು ಅದು. ಅಂದಿನಿಂದ ಬಡ್ಡಿ, ಶುಲ್ಕ, ಲಾಭಾಂಶ ಎಲ್ಲ ಸೇರಿ 100 ಕೋಟಿ ಪೌಂಡ್‌ಗೂ ಜಾಸ್ತಿ ಹೊರಗೆ ಹರಿದಿದೆ.

ಅಭಿಮಾನಿಗಳು ಇದನ್ನು ಮೊದಲ ದಿನವೇ ಕಂಡಿದ್ದರು. ಹೋರಾಟ ಅವರಿಗೆ ಹೊಸದಲ್ಲ. 1998ರಲ್ಲಿ ಟಿವಿ ಕಂಪನಿ ಬಿಸ್ಕೈಬಿ ಯುನೈಟೆಡ್ ಕೊಳ್ಳಲು ಬಂದಾಗ ಗಟ್ಟಿಯಾಗಿ ವಿರೋಧಿಸಿದ್ದರು. 1999ರಲ್ಲಿ ಬ್ರಿಟನ್ ಸರ್ಕಾರ ಆ ಮಾರಾಟವನ್ನು ತಡೆಯಿತು. ಗ್ಲೇಜರ್ ವಿಷಯದಲ್ಲಿ ಯಾರೂ ತಡೆಯಲಿಲ್ಲ. ಶೇರುಪೇಟೆಯಲ್ಲಿದ್ದ ಕ್ಲಬ್ಬು, ದೊಡ್ಡ ಪಾಲುದಾರರು ಮಾರಿದರು, ಕತೆ ಮುಗಿಯಿತು. ಜೂನ್‌ನಲ್ಲಿ ಗ್ಲೇಜರ್ ಮಕ್ಕಳು ಮೊದಲ ಸಲ ಕ್ರೀಡಾಂಗಣ ನೋಡಲು ಬಂದರು. ಹೊರಗೆ ಜನ ಎಷ್ಟು ಕೆರಳಿದ್ದರೆಂದರೆ, ಅವರನ್ನು ಪೊಲೀಸ್ ವ್ಯಾನಿನಲ್ಲಿ ಸಾಗಿಸಬೇಕಾಯಿತು. ಇನ್ನು ಕೆಲವರು ಯುನೈಟೆಡ್ ಅನ್ನೇ ಬಿಟ್ಟು, ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ತಮ್ಮದೇ ಕ್ಲಬ್ಬು ಕಟ್ಟಿದರು. ಅಲ್ಲಿ ಪ್ರತಿ ಸದಸ್ಯನಿಗೂ ಒಂದೇ ಮತ. ಹುಟ್ಟಿದಾಗಿನಿಂದ ಪ್ರೀತಿಸಿದ ತಂಡವನ್ನು ಬಿಡುವುದು ಸುಮ್ನೆ ಮಾತಲ್ಲ.

ಹಾಗಾದರೆ ಆ ಸಿಟ್ಟು ನಡುವೆ ತಣ್ಣಗಾದದ್ದೇಕೆ? ಒಂದೇ ಉತ್ತರ: ತಂಡದ ಕೋಚ್ ಅಲೆಕ್ಸ್ ಫರ್ಗುಸನ್. ಗ್ಲೇಜರ್ ಕಾಲದಲ್ಲೂ ಅವರು 2007, 2008, 2009, 2011, 2013ರಲ್ಲಿ ಲೀಗ್ ಗೆದ್ದರು. 2008ರಲ್ಲಿ ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್, ಚಾಂಪಿಯನ್ಸ್ ಲೀಗ್ ಕೂಡ ಬಂತು. ಅವರು ಮಾಲೀಕರ ಪರವಾಗಿಯೇ ಮಾತಾಡಿದರು. ಕಪ್ ಮನೆಗೆ ಬರುತ್ತಿರುವಾಗ ಲೆಕ್ಕಪುಸ್ತಕ ತೆರೆಯುವವರು ಎಷ್ಟು ಮಂದಿ?

ಆದರೂ 2010ರಲ್ಲಿ ಬೆಂಕಿ ಮತ್ತೆ ಹೊತ್ತಿತು. ಯುನೈಟೆಡ್ 1878ರಲ್ಲಿ ರೈಲ್ವೆ ಕೆಲಸಗಾರರ ತಂಡವಾಗಿ ಹುಟ್ಟಿದ್ದು. ಆಗ ಅದರ ಹೆಸರು ನ್ಯೂಟನ್ ಹೀತ್, ಬಣ್ಣ ಹಸಿರು ಮತ್ತು ಹಳದಿ. ಅಭಿಮಾನಿಗಳು ಕೆಂಪು ಬಿಟ್ಟು ಆ ಹಳೆಯ ಬಣ್ಣದ ಸ್ಕಾರ್ಫ್ ಹಾಕತೊಡಗಿದರು. ತಂಡ ನಮ್ಮದು, ಮಾಲೀಕರು ನಮ್ಮವರಲ್ಲ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ. ಆ ಮಾರ್ಚ್‌ನಲ್ಲಿ ಯುನೈಟೆಡ್‌ನ ಹಳೆಯ ಆಟಗಾರ ಡೇವಿಡ್ ಬೆಕಮ್ ಇಟಲಿಯ ಎಸಿ ಮಿಲಾನ್ ಪರ ಆಡಲು ಓಲ್ಡ್ ಟ್ರ್ಯಾಫರ್ಡ್‌ಗೆ ಬಂದರು. ಯುನೈಟೆಡ್ 4-0 ಗೆದ್ದಿತು. ಅಂಗಳದಿಂದ ಹೊರಡುವಾಗ ಬೆಕಮ್ ನೆಲದ ಮೇಲಿದ್ದ ಒಂದು ಹಸಿರು-ಹಳದಿ ಸ್ಕಾರ್ಫ್ ಎತ್ತಿ ಕೊರಳಿಗೆ ಹಾಕಿಕೊಂಡರು. ಕ್ರೀಡಾಂಗಣ ಹುಚ್ಚೆದ್ದು ಕೂಗಿತು. ಮಾಲೀಕರು ಮಾತ್ರ ಜಗ್ಗಲಿಲ್ಲ.

2013ರಲ್ಲಿ ಫರ್ಗುಸನ್ ನಿವೃತ್ತರಾದರು. ಮುಚ್ಚಿಟ್ಟದ್ದೆಲ್ಲ ಬಯಲಾಗಿದ್ದು ಆಮೇಲೆಯೇ. ಹೊಸ ಕೋಚ್ ಡೇವಿಡ್ ಮೋಯೆಸ್‌ಗೆ ಆರು ವರ್ಷದ ಒಪ್ಪಂದ ಕೊಟ್ಟು ಹತ್ತು ತಿಂಗಳಲ್ಲಿ ಕಳಿಸಿದರು. ಲೂಯಿ ವ್ಯಾನ್ ಹಾಲ್ 2016ರಲ್ಲಿ ಎಫ್‌ಎ ಕಪ್ ಗೆದ್ದ ಎರಡೇ ದಿನಕ್ಕೆ ಕೆಲಸ ಕಳೆದುಕೊಂಡರು. ಆಮೇಲೆ ಮೊರಿನ್ಯೊ, ಸೋಲ್ಷಾರ್, ಟೆನ್ ಹಾಗ್, ಅಮೊರಿಮ್.

ಮಾಲೀಕರು ದುಡ್ಡೇ ಬಿಚ್ಚಲಿಲ್ಲ ಅನ್ನುವ ದೂರು ನನ್ನ ಪ್ರಕಾರ ಪೂರ್ತಿ ಸರಿಯಲ್ಲ. ಆಟಗಾರರಿಗೆ ಬೇಕಾದಷ್ಟು ಸುರಿದಿದ್ದಾರೆ. ಆದರೆ ಅದು ಕ್ಲಬ್ಬೇ ದುಡಿದ ದುಡ್ಡು, ಮತ್ತು ಅದನ್ನು ಎಲ್ಲಿ ಹಾಕಬೇಕು ಎಂದು ಹೇಳುವ ಫುಟ್‌ಬಾಲ್ ಬಲ್ಲ ತಲೆ ಮೇಲಿರಲಿಲ್ಲ. ವರ್ಷಗಟ್ಟಲೆ ಕ್ಲಬ್ ನಡೆಸಿದ ಎಡ್ ವುಡ್‌ವರ್ಡ್ ಬ್ಯಾಂಕಿಂಗ್‌ನಿಂದ ಬಂದವರು. ಫುಟ್‌ಬಾಲ್ ನಿರ್ದೇಶಕ ಎಂಬ ಹುದ್ದೆ ಮೊದಲು ತುಂಬಿದ್ದೇ 2021ರಲ್ಲಿ. ಹಾಗಾಗಿ ಒಬ್ಬ ಕೋಚ್ ತನಗೆ ಬೇಕಾದವರನ್ನು ತರಿಸಿಕೊಳ್ಳುತ್ತಿದ್ದ, ಮುಂದೆ ಬಂದವನಿಗೆ ಅವರು ಹೊಂದುತ್ತಿರಲಿಲ್ಲ. ಟೆನ್ ಹಾಗ್ ಕಾಲದಲ್ಲಿ 8 ಕೋಟಿ ಪೌಂಡ್ ಆಸುಪಾಸಿಗೆ ಬಂದ ವಿಂಗರ್ ಆಂಟನಿ, ಅಮೊರಿಮ್ ಬಂದ ಮೂರು ತಿಂಗಳೊಳಗೆ ಬೇರೆ ಕ್ಲಬ್ಬಿಗೆ ಎರವಲು ಹೋದರು. ಅಮೊರಿಮ್ ಆಡಿಸುತ್ತಿದ್ದುದು ಮೂವರು ಡಿಫೆಂಡರ್‌ಗಳ ಪದ್ಧತಿ. ಅದರಲ್ಲಿ ಅಂಚಿನಲ್ಲಿ ಓಡುವ ವಿಂಗರ್‌ಗೆ ಜಾಗವೇ ಇಲ್ಲ. ಕೋಚ್‌ಗಳ ತಪ್ಪೇ ಇಲ್ಲ ಎನ್ನುತ್ತಿಲ್ಲ. ಅಮೊರಿಮ್ ಸೋತರೂ ಬಹುಕಾಲ ಪದ್ಧತಿ ಬಿಡಲಿಲ್ಲ, ಅದು ಹಟವೇ. ಆದರೆ ಆರು ಜನ ಒಬ್ಬರ ಹಿಂದೊಬ್ಬರು ಎಡವಿದರೆ ನೆಲವನ್ನೂ ನೋಡಬೇಕು, ಅಲ್ವಾ?

2021ರ ಏಪ್ರಿಲ್‌ನಲ್ಲಿ ಮಾಲೀಕರು ಯುರೋಪಿಯನ್ ಸೂಪರ್ ಲೀಗ್‌ಗೆ, ಅಂದರೆ ದೊಡ್ಡ ಕ್ಲಬ್ಬುಗಳು ತಮಗಾಗಿಯೇ ಕಟ್ಟಲು ಹೊರಟಿದ್ದ ಲೀಗ್‌ಗೆ ಸೇರಲು ಹೊರಟರು. ಎರಡೇ ದಿನದಲ್ಲಿ ಹಿಂದೆ ಸರಿಯಬೇಕಾಯಿತು. ಮೇ 2ರಂದು ಅಭಿಮಾನಿಗಳು ಅಂಗಳಕ್ಕೇ ನುಗ್ಗಿದರು, ಲಿವರ್‌ಪೂಲ್ ವಿರುದ್ಧದ ಪಂದ್ಯ ಮುಂದೂಡಲಾಯಿತು.

2024ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಉದ್ಯಮಿ ಜಿಮ್ ರ್‍ಯಾಟ್‌ಕ್ಲಿಫ್ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಕೊಂಡು, ಫುಟ್‌ಬಾಲ್ ಉಸ್ತುವಾರಿ ವಹಿಸಿಕೊಂಡರು. ಮ್ಯಾಂಚೆಸ್ಟರ್ ಕಡೆಯವರೇ, ಯುನೈಟೆಡ್ ಅಭಿಮಾನಿಯೇ ಎಂದು ಜನ ಆಸೆಪಟ್ಟರು. ಅದೇ ಜುಲೈನಲ್ಲಿ ಟೆನ್ ಹಾಗ್ ಒಪ್ಪಂದ ವಿಸ್ತರಿಸಿದರು, ಅಕ್ಟೋಬರ್‌ನಲ್ಲಿ ಅವರನ್ನೇ ತೆಗೆದರು. ನೂರಾರು ಸಿಬ್ಬಂದಿ ಕೆಲಸ ಕಳೆದುಕೊಂಡರು. ಸೀಸನ್ ನಡುವೆಯೇ ಉಳಿದ ಟಿಕೆಟ್‌ಗಳ ಬೆಲೆ 66 ಪೌಂಡ್ ಆಯಿತು, ಮಕ್ಕಳಿಗೂ ಹಿರಿಯರಿಗೂ ರಿಯಾಯಿತಿ ಇಲ್ಲ. 2024-25ರ ಲೀಗ್‌ನಲ್ಲಿ ತಂಡಕ್ಕೆ ಸಿಕ್ಕಿದ್ದು 15ನೇ ಸ್ಥಾನ. 2026ರ ಜನವರಿಯಲ್ಲಿ ಅಮೊರಿಮ್ ಕೂಡ ಹೊರಟರು.

2025ರ ಮಾರ್ಚ್ 9ರಂದು ಅಭಿಮಾನಿಗಳು ಕಪ್ಪು ಬಟ್ಟೆ ತೊಟ್ಟು ಓಲ್ಡ್ ಟ್ರ್ಯಾಫರ್ಡ್‌ಗೆ ಮೆರವಣಿಗೆ ಬಂದರು. ಅಂದು ಕೂಡ ಎದುರಾಳಿ ಆರ್ಸೆನಲ್. ಎರಡು ದಿನ ಬಿಟ್ಟು ಕ್ಲಬ್ಬು, ಲಕ್ಷ ಜನ ಕೂರುವ ಹೊಸ ಕ್ರೀಡಾಂಗಣದ ಚಿತ್ರ ತೋರಿಸಿತು. ಅಂದಾಜು ವೆಚ್ಚ 200 ಕೋಟಿ ಪೌಂಡ್. ಅಷ್ಟು ದುಡ್ಡು ಎಲ್ಲಿಂದ ಬರುತ್ತದೆ ಎಂದು ಆ ದಿನ ಹೇಳಲಿಲ್ಲ. ಇದೂ ಸಾಲವಾಗಿ ಕ್ಲಬ್ಬಿನ ತಲೆಗೇ ಬರುತ್ತದಾ ಎಂದು 2005 ಕಂಡವರು ಕೇಳುತ್ತಿದ್ದಾರೆ.