ಮೆಥನಾಲ್ ಡಬ್ಬಿಯ ಖಾಲಿ ಜಾಗ: ಪೋರ್ಟಬಲ್ ಫ್ಯುಯೆಲ್ ಸೆಲ್ ಇಂಧನದ ಟಿಪ್ಪಣಿ

ಫ್ಯುಯೆಲ್ ಸೆಲ್ ಎಂದರೆ ಇಂಧನವನ್ನು ಉರಿಸದೆ ರಾಸಾಯನಿಕ ಕ್ರಿಯೆಯಿಂದಲೇ ವಿದ್ಯುತ್ ಕೊಡುವ ಸಾಧನ. ಹೊತ್ತೊಯ್ಯಬಹುದಾದ ಫ್ಯುಯೆಲ್ ಸೆಲ್‌ಗಳಿಗೆ ಮುಖ್ಯವಾಗಿ ಎರಡು ಇಂಧನ: ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್, ಇಲ್ಲವೇ ಲೋಹದ ಹೈಡ್ರೈಡ್‌ನಲ್ಲಿ (ಹೈಡ್ರೋಜನ್ ಹೀರಿಕೊಂಡ ಲೋಹದಲ್ಲಿ) ಹುದುಗಿಸಿದ ಹೈಡ್ರೋಜನ್. ಇವನ್ನು ಸುರಕ್ಷಿತವಾಗಿ ಇಡುವ, ಒಯ್ಯುವ ಪಾಠ ಓದುವಾಗ ನನಗೆ ಮೊದಲು ಹೊಳೆದ ಪ್ರಶ್ನೆ, ಅಡುಗೆ ಅನಿಲಕ್ಕೆ ಸೇರಿಸುವ ಹಾಗೆ ಹೈಡ್ರೋಜನ್‌ಗೂ ಒಂದಿಷ್ಟು ಕೆಟ್ಟ ವಾಸನೆ ಸೇರಿಸಬಾರದೇಕೆ? ಆ ವಾಸನೆ ಬರುವುದು ಗಂಧಕದ ಸಂಯುಕ್ತದಿಂದ. ಗಂಧಕವೋ, ಸೆಲ್‌ನ ಪ್ಲಾಟಿನಂ ವೇಗವರ್ಧಕಕ್ಕೆ ವಿಷ. ಹಾಗಾಗಿ ಮೂಗನ್ನು ನಂಬುವಂತಿಲ್ಲ, ಡಬ್ಬಿಯನ್ನೇ ನಂಬಬೇಕು.

ಮೆಥನಾಲ್ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲಿ. ಗಾಳಿಯಲ್ಲಿ ಅದರ ಆವಿ ಸುಮಾರು 6ರಿಂದ 36% ಇದ್ದರೆ ಹೊತ್ತಿಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆಥನಾಲ್‌ನ ಆವಿಯೊತ್ತಡ ಸುಮಾರು 13 ಕಿಲೋಪಾಸ್ಕಲ್, ವಾತಾವರಣದ ಒತ್ತಡ 101. ಭಾಗಿಸಿ ನೋಡಿ: ಅರ್ಧ ಖಾಲಿಯಾದ ಮುಚ್ಚಿದ ಡಬ್ಬಿಯಲ್ಲಿ ದ್ರವದ ಮೇಲಿನ ಜಾಗದಲ್ಲಿ ಆವಿ ಹೆಚ್ಚುಕಡಿಮೆ 13%. ಸರಿಯಾಗಿ ಹೊತ್ತಿಕೊಳ್ಳುವ ಮಿಶ್ರಣ! ಪೆಟ್ರೋಲ್ ಡಬ್ಬಿಯಲ್ಲಿ ಹೀಗಾಗುವುದು ಕಡಿಮೆ. ಅದರ ಆವಿ ಹೊತ್ತಿಕೊಳ್ಳುವ ಮೇಲಿನ ಮಿತಿ 7-8% ಮಾತ್ರ, ಸಾಮಾನ್ಯ ಹವೆಯಲ್ಲಿ ಒಳಗಿನ ಆವಿ ಅದನ್ನು ದಾಟಿ, ಹೊತ್ತಿಕೊಳ್ಳಲಾರದಷ್ಟು ದಟ್ಟವಾಗಿರುತ್ತದೆ. "ಪೆಟ್ರೋಲ್ ತಾನೇ ಒಯ್ಯುತ್ತೇವೆ, ಇದೇನು ಮಹಾ" ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು. ಹಾಗಂತ ಖಾಲಿ ಜಾಗವೇ ಬೇಡವೆಂದು ಕಂಠಮಟ್ಟ ತುಂಬಿಸುವ ಹಾಗೂ ಇಲ್ಲ: 20ರಿಂದ 45 ಡಿಗ್ರಿಗೆ ಬಿಸಿಯಾದರೆ 5 ಲೀಟರ್ ಮೆಥನಾಲ್ ಸುಮಾರು 150 ಮಿಲಿಲೀಟರ್ ಹಿಗ್ಗುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅಷ್ಟು ಶಾಖ ಏನೇನೂ ಅಲ್ಲ.

ಹೊತ್ತಿಕೊಂಡರೂ ಹಗಲಲ್ಲಿ ಜ್ವಾಲೆ ಕಾಣುವುದೇ ಇಲ್ಲ ಎನ್ನಬಹುದು. 1981ರ ಇಂಡಿಯಾನಾಪೊಲಿಸ್ 500 ಓಟದಲ್ಲಿ ಇಂಧನ ತುಂಬುವಾಗ ಚೆಲ್ಲಿದ ಮೆಥನಾಲ್‌ಗೆ ಬೆಂಕಿ ತಗುಲಿ ಚಾಲಕ ರಿಕ್ ಮಿಯರ್ಸ್ ಮುಖ ಸುಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೆಡಿಸುತ್ತದೆ. ಇಂಧನವನ್ನು ನೀರಿನ ಬಾಟಲಿಗೆ ಸುರಿದಿಡಬೇಡಿ ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಡಬ್ಬಿ ಯಾವುದು? ದಪ್ಪ ಪಾಲಿಥೀನಿನದು ಸಾಕು. ಅಲ್ಯುಮಿನಿಯಂ ಬೇಡ, ಮೆಥನಾಲ್ ಅದನ್ನು ಕೊರೆಯುತ್ತದೆ. ಕೊರೆದು ಬಂದ ಲೋಹದ ಅಯಾನುಗಳು ಪ್ರೋಟಾನ್‌ಗಳು ದಾಟಿಹೋಗುವ ಸೆಲ್‌ನ ಪೊರೆಯಲ್ಲಿ ಅವುಗಳ ಜಾಗ ಹಿಡಿದು ವಿದ್ಯುತ್ತನ್ನೂ ಕುಗ್ಗಿಸುತ್ತವೆ.

ಹೈಡ್ರೈಡ್ ಡಬ್ಬಿಯ ಗುಣ ಬೇರೆ, ನನಗಂತೂ ಇಷ್ಟ. ಲೋಹದಿಂದ ಹೈಡ್ರೋಜನ್ ಹೊರಬರಲು ಶಾಖ ಬೇಕು. ಸೋರಿದರೆ ಡಬ್ಬಿ ತಾನೇ ತಣ್ಣಗಾಗಿ ಸೋರಿಕೆ ನಿಧಾನವಾಗುತ್ತದೆ. ಒತ್ತಡ ತುಂಬಿದ ಸಿಲಿಂಡರ್‌ಗೆ ಈ ಬುದ್ಧಿ ಇಲ್ಲ. ಆದರೆ ಹೊರಗಿನಿಂದ ಬಿಸಿ ಮಾಡಿದರೆ ಹೈಡ್ರೈಡ್‌ನ ಒತ್ತಡವೂ ಏರುತ್ತದೆ, ಹೀಗಾಗಿ ಬಿಸಿಲು ಎರಡಕ್ಕೂ ವರ್ಜ್ಯ. ಹೈಡ್ರೋಜನ್ ಇಡುವ ಕೋಣೆಗೆ ಗಾಳಿಕಿಂಡಿ ಮೇಲುಗಡೆ ಇರಲಿ. ಮೆಥನಾಲ್ ಆವಿ ಗಾಳಿಗಿಂತ ತುಸು ಭಾರ, ಅದಕ್ಕೆ ಕೆಳಗೂ ಬೇಕು.

ವಿಮಾನದ ನಿಯಮ ಪರೀಕ್ಷೆಗೂ ಬರಬಹುದು. ಪ್ರಯಾಣಿಕರ ಸಾಧನದ ದ್ರವ ಇಂಧನದ ಒಂದು ಕಾರ್ಟ್ರಿಡ್ಜ್ (ಸಾಧನಕ್ಕೆ ಸಿಕ್ಕಿಸುವ ಇಂಧನದ ಪುಟ್ಟ ಡಬ್ಬಿ) 200 ಮಿಲಿಲೀಟರ್ ಮೀರಬಾರದು, ಹೆಚ್ಚುವರಿ ಕಾರ್ಟ್ರಿಡ್ಜ್ ಎರಡೇ, ವಿಮಾನದೊಳಗೆ ಮರುಭರ್ತಿ ಇಲ್ಲ. 5 ಲೀಟರ್ ಮೆಥನಾಲ್ ಕ್ಯಾನನ್ನು ಸಾಮಾನಿನ ಜೊತೆ ಒಯ್ಯುವಂತಿಲ್ಲ. ಅದು ಅಪಾಯಕಾರಿ ಸರಕುಗಳಿಗೆ ವಿಶ್ವಸಂಸ್ಥೆ ಕೊಡುವ ಯುಎನ್ 1230 ಸಂಖ್ಯೆಯಡಿ, ಉರಿಯುವ ದ್ರವ ಮತ್ತು ವಿಷ ಎಂಬ ಎರಡು ಚೀಟಿ ಹಚ್ಚಿಕೊಂಡು ಸರಕಾಗಿಯೇ ಹೋಗಬೇಕು.