ಬಣ್ಣ ಸಿನ್ಸಿನಾಟಿಯದು, ಗಾಡಿ ಫಿಲಡೆಲ್ಫಿಯಾದ್ದು

ಸ್ಯಾನ್ ಫ್ರಾನ್ಸಿಸ್ಕೋದ 1057ನೇ ಟ್ರಾಮಿಗೆ ಹಳದಿ ಮೈ, ಹಸಿರು ಪಟ್ಟಿ. ಬಣ್ಣ ಸಿನ್ಸಿನಾಟಿಯದು. ಗಾಡಿ ಮಾತ್ರ ಸೇಂಟ್ ಲೂಯಿಸ್ ಕಾರ್ ಕಂಪನಿಯಲ್ಲಿ ತಯಾರಾಗಿ ಫಿಲಡೆಲ್ಫಿಯಾದಲ್ಲಿ ದುಡಿದದ್ದು. ಗಮನವಿಟ್ಟು ನೋಡುವವರಿಗೆ ವ್ಯತ್ಯಾಸ ಮೇಲ್ಛಾವಣಿಯಲ್ಲೇ ಸಿಗುತ್ತದೆ: ಸಿನ್ಸಿನಾಟಿಯಲ್ಲಿ ಕರೆಂಟು ಹಳಿಯ ಮೂಲಕ ವಾಪಸಾಗಲು ಬಿಡದೆ ಎರಡನೇ ತಂತಿ ಎಳೆದಿದ್ದರು, ಹಾಗಾಗಿ ಅಲ್ಲಿನ ಗಾಡಿಗಳ ನೆತ್ತಿಯ ಮೇಲೆ ತಂತಿಗೆ ತಾಗುವ ಜೋಡಿ ಕೋಲುಗಳು. ಇದಕ್ಕೆ ಒಂದೇ ಸಾಕು.

ಎರವಲು ಬಣ್ಣ ಇಲ್ಲಿ ಒಪ್ಪುತ್ತದೆ, ಏಕೆಂದರೆ ಪಿಸಿಸಿ ಎಂಬ ಈ ಮಾದರಿ ಹುಟ್ಟಿದ್ದೇ ಊರೂರಿಗೂ ಹೊಂದುವ ಗಾಡಿಯಾಗಿ. ಕಾರು, ಬಸ್ಸುಗಳ ಪೈಪೋಟಿಯಿಂದ ಕಂಗೆಟ್ಟ ಟ್ರಾಮ್ ಕಂಪನಿಗಳ ಅಧ್ಯಕ್ಷರು 1929ರಲ್ಲಿ ಸಮಿತಿ ಕಟ್ಟಿದರು. ಅದರ ಇಂಗ್ಲಿಷ್ ಹೆಸರಾದ ಪ್ರೆಸಿಡೆಂಟ್ಸ್ ಕಾನ್ಫರೆನ್ಸ್ ಕಮಿಟಿಯ ಮೊದಲಕ್ಷರಗಳೇ ಪಿಸಿಸಿ. 1936ರಲ್ಲಿ ಬ್ರೂಕ್ಲಿನ್‌ನಲ್ಲಿ ಓಡಾಟ ಶುರುವಾಯಿತು. ಉತ್ತರ ಅಮೆರಿಕದಲ್ಲಿ ಸುಮಾರು 5,000 ಗಾಡಿಗಳಾದವು. ಕೊನೆಯದಾದ 1040ನೇ ನಂಬರಿನ ಗಾಡಿ 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೇ ಬಂತು.

1982ರಲ್ಲಿ ಅಲ್ಲಿನ ಕೇಬಲ್ ಕಾರುಗಳನ್ನು (ರಸ್ತೆಯಡಿಯ ಉಕ್ಕಿನ ಹಗ್ಗ ಎಳೆಯುವ ಗಾಡಿಗಳನ್ನು) ದುರಸ್ತಿಗೆ ನಿಲ್ಲಿಸಿದಾಗ ಪ್ರವಾಸಿಗರಿಗೆ ಬದಲಿ ಆಕರ್ಷಣೆ ಬೇಕಿತ್ತು. 1983ರ ಬೇಸಿಗೆಯಲ್ಲಿ ಹಳೆಯ ಟ್ರಾಮ್‌ಗಳ ಉತ್ಸವ ನಡೆಸಿದರು. ಜನ ಮುಗಿಬಿದ್ದರು. 1995ರಲ್ಲಿ ಹಳೆಯ ಟ್ರಾಮ್‌ಗಳು ಓಡುವ ಎಫ್ ಮಾರ್ಗ ಕಾಯಂ ಆಯಿತು.

ಬಣ್ಣಕ್ಕಿಂತ ಕಷ್ಟದ ಕೆಲಸ ಗಾಡಿಯ ನೆಲಹಾಸಿನಡಿ ಇದೆ. ತಂತಿಯಲ್ಲಿ 600 ವೋಲ್ಟ್ ಡಿಸಿ, ನಾಲ್ಕು ಮೋಟಾರು. ಹಳೆಯ ಟ್ರಾಮ್‌ನಲ್ಲಿ ಚಾಲಕ ಹಿಡಿಕೆ ತಿರುಗಿಸಿ ಕೆಲವೇ ಹಂತಗಳಲ್ಲಿ ವೇಗ ಏರಿಸುತ್ತಿದ್ದ, ಒಂದೊಂದು ಹಂತಕ್ಕೂ ಗಾಡಿ ಕುಲುಕುತ್ತಿತ್ತು. ಪಿಸಿಸಿಯಲ್ಲಿ ಕಾಲಿನ ಪೆಡಲ್. ಅದನ್ನು ಒತ್ತಿದರೆ ವೃತ್ತಾಕಾರದ ಆಕ್ಸಿಲರೇಟರ್ ತಿರುಗುತ್ತಾ, ಕರೆಂಟನ್ನು ತಡೆಯುವ ರೆಸಿಸ್ಟರ್‌ಗಳನ್ನು ಚೂರುಚೂರಾಗಿ ಕಳಚುತ್ತದೆ. ಅದರ ಸಂಪರ್ಕ ಬಿಂದುಗಳಲ್ಲಿ ಒಂದು ಸುಟ್ಟು ಕುಳಿಬಿದ್ದರೂ ಆ ಜಾಗದಲ್ಲಿ ಗಾಡಿ ಜಗ್ಗುತ್ತದೆ. ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಉದುರುವ ಪುಡಿ ಕರೆಂಟು ಹರಿಸುವಂಥದ್ದು; ತೇವ ಸೇರಿದರೆ ಕಿಡಿ ಹಾರಿ ಮೋಟಾರೇ ಸುಡಬಹುದು. ಆದ್ದರಿಂದ ಊದಿ ತೆಗೆಯುವ ಕೆಲಸ ತಪ್ಪಿಸುವಂತಿಲ್ಲ.

ಸದ್ದು ತಗ್ಗಿಸಲು ಚಕ್ರದ ಉಕ್ಕಿನ ನಡುವೆ ರಬ್ಬರು ಕೂರಿಸಿದ್ದಾರೆ. ಚಕ್ರದ ಅಂಚಿಗೇ ಬ್ರೇಕ್ ಒತ್ತಿದರೆ ಆ ರಬ್ಬರು ಕಾಯ್ದು ಹಾಳಾಗುತ್ತದೆ. ಹಾಗಾಗಿ ಮೊದಲು ಮೋಟಾರುಗಳೇ ಜನರೇಟರುಗಳಾಗಿ ವೇಗ ಇಳಿಸುತ್ತವೆ. ನಿಲ್ಲುವ ಹೊತ್ತಿಗೆ ಮೋಟಾರಿನ ಶಾಫ್ಟಿನ ಡ್ರಮ್ ಬ್ರೇಕ್ ಹಿಡಿಯುತ್ತದೆ. ತುರ್ತಿಗೆ ಹಳಿಯನ್ನೇ ಕಚ್ಚುವ ಅಯಸ್ಕಾಂತ ಬ್ರೇಕ್ ಉಂಟು. ಅದಕ್ಕೆ ಬ್ಯಾಟರಿಯ ಕರೆಂಟು, ಕೋಲು ತಂತಿ ಬಿಟ್ಟು ಜಾರಿದರೂ ಕೆಲಸ ಮಾಡಬೇಕಲ್ಲ.