ಅವ್ವನ ಬಿಪಿ, ಉಪಕೇಂದ್ರದ ಸಿಸ್ಟರ್

ಚಿತ್ತಾಪುರ ತಾಲ್ಲೂಕಿನ ನಮ್ಮೂರ ಉಪಕೇಂದ್ರಕ್ಕೆ ಅವ್ವ ಹೋಗಿದ್ದು ಮಂಡಿನೋವಿಗೆ. ಸಿಸ್ಟರ್ ಮಂಡಿ ನೋಡುವ ಮೊದಲು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಮೇಲಿನ ಅಂಕಿ 170 ದಾಟಿತ್ತು.

"ಯವ್ವಾ, ಬಿಪಿ ಗುಳಿಗಿ ತಗೋತೀರಿಲ್ಲೋ?"

"ಆರಾಮ ಆತು, ಬಿಟ್ಟುಬಿಟ್ಟೆ."

ಬಿಪಿಯ ಕಷ್ಟ ಇದೇ. ಅದು ನೋಯುವುದಿಲ್ಲ. ಆರಾಮಾಗಿದ್ದೇನೆ ಅನ್ನಿಸುತ್ತಿರುವಾಗಲೇ ಒಳಗೆ ರಕ್ತನಾಳ, ಹೃದಯ, ಕಿಡ್ನಿ ಸವೆಯುತ್ತಿರುತ್ತವೆ. ಕಲಬುರಗಿಗೆ ಹೋಗಿ ದೊಡ್ಡ ಡಾಕ್ಟರಿಗೆ ಒಮ್ಮೆ ತೋರಿಸಿದರೆ ಮುಗಿಯುವ ಕಾಯಿಲೆಯಲ್ಲ. ತಿಂಗಳು ತಿಂಗಳು ಯಾರಾದರೂ ಅಳೆಯಬೇಕು, ಗುಳಿಗೆ ಕೊಡಬೇಕು, ಯಾಕೆ ಬಿಟ್ಟಿರಿ ಎಂದು ಕೇಳಬೇಕು. ಆ 'ಯಾರಾದರೂ' ಡಾಕ್ಟರೇ ಆಗಿರಬೇಕಾ?

ಈ ಪ್ರಶ್ನೆಗೆ ವಿಜ್ಞಾನ ಐವತ್ತು ವರ್ಷದಿಂದ ಉತ್ತರ ಹುಡುಕುತ್ತಿದೆ. ಕೆನಡಾದ ಬರ್ಲಿಂಗ್ಟನ್‌ನಲ್ಲಿ ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಕೆಲವರನ್ನು ಡಾಕ್ಟರ್ ನೋಡಿಕೊಂಡರು, ಉಳಿದವರನ್ನು ವಿಶೇಷ ತರಬೇತಿ ಪಡೆದ ನರ್ಸ್‌ಗಳು. 1974ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನವರ ಆರೋಗ್ಯ ಒಂದೇ ಥರ ಇತ್ತು. 2018ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ನರ್ಸ್‌ಗಳು ರೋಗಿಯ ಜೊತೆ ಜಾಸ್ತಿ ಹೊತ್ತು ಮಾತಾಡುತ್ತಾರೆ. ಬಿಪಿ ಹತೋಟಿ ಅವರ ಕೈಯಲ್ಲಿ ಬಹುಶಃ ಸ್ವಲ್ಪ ಚೆನ್ನಾಗೇ ಇರುತ್ತದೆ.

ಆ ಪ್ರಯೋಗಗಳಲ್ಲಿ ಒಂದನ್ನು ಬಿಟ್ಟರೆ ಎಲ್ಲವೂ ಶ್ರೀಮಂತ ದೇಶಗಳವು. ಅದನ್ನು ಮರೆಯಬಾರದು. ಡಾಕ್ಟರ್ ಬೇಡ ಅಂತಲೂ ಇದರ ಅರ್ಥವಲ್ಲ. ನಮ್ಮಲ್ಲಿ ಗುಳಿಗೆ ಶುರು ಮಾಡುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ. 2018ರಿಂದ ಉಪಕೇಂದ್ರಗಳಿಗೆ ಬಂದಿರುವ ಸಮುದಾಯ ಆರೋಗ್ಯ ಅಧಿಕಾರಿ ಅದನ್ನು ಮುಂದುವರಿಸುತ್ತಾರೆ. ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಊರವರಿಗೆ ಅವರು ಈಗಲೂ ಸಿಸ್ಟರ್.

2017ರಲ್ಲಿ, ಪಕ್ಕದ ತೆಲಂಗಾಣವೂ ಸೇರಿ 5 ರಾಜ್ಯಗಳಲ್ಲಿ ಭಾರತ ರಕ್ತದೊತ್ತಡ ನಿಯಂತ್ರಣ ಯೋಜನೆ ಶುರುವಾಯಿತು. ಅದರ ಸೂತ್ರ ಬಹಳ ಸರಳ. ಮೊದಲು ಯಾವ ಗುಳಿಗೆ, ಬಿಪಿ 140/90ಕ್ಕಿಂತ ಕೆಳಗೆ ಇಳಿಯದಿದ್ದರೆ ಮುಂದೇನು ಎಂಬುದು ಮೊದಲೇ ಬರೆದಿಟ್ಟಿರುತ್ತದೆ. ಡಾಕ್ಟರ್, ನರ್ಸ್, ಆಶಾ ಮೂವರೂ ಅದನ್ನೇ ನೋಡಿ ನಡೆಯುತ್ತಾರೆ. ಗುಳಿಗೆ ಮನೆ ಹತ್ತಿರವೇ ಸಿಗುತ್ತದೆ.

ಆದರೆ ಕೆಲಸ ಹಂಚಿಕೊಟ್ಟರೆ ಸಾಕಾ? ನನ್ನನ್ನು ತುಂಬಾ ಕಾಡಿದ ಅಧ್ಯಯನ ಒಂದಿದೆ. ಅದು ಆಸ್ಪತ್ರೆಯಲ್ಲಿ ನಡೆದದ್ದು. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು ವಾರ್ಡ್‌ಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡಲು ಹೊರಟರು. ಒಳ್ಳೆಯ ತಂಡ ಕಡಿಮೆ ತಪ್ಪು ಮಾಡುತ್ತದೆ ಎಂಬುದು ಅವರ ಎಣಿಕೆ. ಲೆಕ್ಕ ಉಲ್ಟಾ ಬಂತು. ಒಗ್ಗಟ್ಟಿದ್ದ ವಾರ್ಡ್‌ಗಳಲ್ಲೇ ತಪ್ಪು ಜಾಸ್ತಿ! ಬಗೆದು ನೋಡಿದಾಗ ತಿಳಿಯಿತು: ಅಲ್ಲಿನ ನರ್ಸ್‌ಗಳು ತಪ್ಪನ್ನು ಧೈರ್ಯವಾಗಿ ಹೇಳುತ್ತಿದ್ದರು. ಉಳಿದ ಕಡೆ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಿದ್ದರು. ಮುಚ್ಚಿಟ್ಟ ತಪ್ಪು ಲೆಕ್ಕಕ್ಕೆ ಬರುವುದಿಲ್ಲ, ರೋಗಿಗೆ ಮಾತ್ರ ತಟ್ಟುತ್ತದೆ. ತಾಲ್ಲೂಕಿನ ಸಭೆಯಲ್ಲಿ ಹಿಂದಿನ ಸಾಲಲ್ಲಿ ಸುಮ್ನೆ ಕೂತಿರುವ ಸಿಸ್ಟರ್‌ಗೂ ಆಶಾಗೂ ಏನೇನು ಗೊತ್ತಿರಬಹುದು, ಯೋಚಿಸಿ.

ನಮ್ಮ ಕಡೆ ತೊಗರಿ ರಾಶಿ ಮುಗಿದರೆ ಎಷ್ಟೋ ಮನೆಯವರು ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ತಿಂಗಳ ಗುಳಿಗೆ ದಾರಿಯಲ್ಲೇ ಮುಗಿಯುತ್ತದೆ. ಯಾವ ಮನೆಗೆ ಬೀಗ ಬೀಳುತ್ತದೆ ಎಂಬುದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಆಶಾ ಕಾರ್ಯಕರ್ತೆ ಅದನ್ನು ಸಿಸ್ಟರ್‌ಗೆ ಹೇಳಿದರು. ಸಿಸ್ಟರ್ ಸಭೆಯಲ್ಲಿ ಎದ್ದು ನಿಂತು, "ಹೋಗೋರಿಗೆ ಎರಡು ತಿಂಗಳದ್ದು ಕೊಡೋಣ ಸರ್" ಎಂದರು. ಡಾಕ್ಟರ್ ಪೂರ್ತಿ ಕೇಳಿಸಿಕೊಂಡರು, ಒಪ್ಪಿದರು.

ಅಣ್ಣನ ಜೊತೆ ಅವ್ವ ಪುಣೆಗೆ ಹೊರಟಾಗ ಅವಳ ಚೀಲದಲ್ಲಿ 60 ಗುಳಿಗೆ, ಒಂದು ಬಿಪಿ ಕಾರ್ಡ್ ಇದ್ದವು. ಕಾರ್ಡಿನ ಕೊನೆಯ ಸಾಲಲ್ಲಿ 138/86 ಎಂದಿತ್ತು. ಹಿಂಬದಿಯಲ್ಲಿ ಸಿಸ್ಟರ್ ತಮ್ಮ ಫೋನ್ ನಂಬರನ್ನು ಅವ್ವನಿಗೆ ಕಾಣುವಂತೆ ದಪ್ಪಕ್ಕೆ ಬರೆದಿದ್ದರು.